ಎಡಕ್ಕೆ ಓನಾಮ, ಬಲಕ್ಕೆ ಬಲ್ಲವರು

ಕಾಸ್ತ್ರೋ ಊರಿನ ಕಡಲಂಚಿಗೆ ಕಂಬಗಾಲಿನ ಮನೆ.
ನೆಲದಡಿಗೆ ನೀರು ಬಂದು ಹೋಗುತ್ತದೆ ದಿನಕ್ಕೆ ಎರಡು ಸಲ,
ನಾವು ತಿದ್ದುವ ಕರಡಿನ ಹಾಗೆ.
ಗೋಡೆಗೆ ಎರಡು ಹಾಳೆ ಅಂಟಿಸಿದ್ದಾನೆ ಎರಾಲ್ಡೋ:
ಎಡಕ್ಕೆ ಓನಾಮದವರ ಪುಸ್ತಕ,
ಬಲಕ್ಕೆ ಬಲ್ಲವರ ಪುಸ್ತಕ.

ದ್ವೀಪದ ಆಲೂಗಡ್ಡೆ ಸಂಘಕ್ಕೆ ಡೇಟಾಬೇಸ್ ಬಂದು ಆರು ತಿಂಗಳು.
ತೆರೆದವರು ಮೂವರು; ಅವರಲ್ಲಿ ಇಬ್ಬರು
ಮುಚ್ಚುವುದು ಹೇಗೆಂದು ಕೇಳಲು ಫೋನು ಮಾಡಿದರು.
ಆದ್ದರಿಂದ ಈ ಪುಸ್ತಕಗಳು, ಆದ್ದರಿಂದ ನಾವು.

ಟೇಬಲ್ ಎಂದರೇನು: ಎಡಕ್ಕೆ.
ಸಾಲು ಎಂದರೇನು, ಕಂಬ ಎಂದರೇನು: ಎಡಕ್ಕೆ.
(ಕಂಬ ಅಂದಾಗ ಇಬ್ಬರೂ ಒಮ್ಮೆ ಕಾಲಡಿ ನೋಡಿಕೊಂಡೆವು.)
ಬ್ಯಾಕಪ್? ಬಲಕ್ಕೆ, ಅಂದ.
ಈಜು ಪೂರ್ತಿ ಕಲಿತ ಮೇಲೆ ಹೇಳುವ ಮಾತೇನು
ನೀರಲ್ಲಿ ಮುಳುಗುತ್ತಾರೆ ಎಂದು, ಅಂದೆ.
ಎಡಕ್ಕೇ ಬರೆದ,
ಬಹಳ ಸಣ್ಣ ಅಕ್ಷರದಲ್ಲಿ.

ಜಾಯಿನ್ ಬಲಕ್ಕೆ. ಇಂಡೆಕ್ಸ್ ಬಲಕ್ಕೆ.
ಎಲ್ಲವನ್ನೂ ಒರೆಸಿ ಹಾಕುವ ಆ ಒಂದು ಸಾಲಿನ ಆಜ್ಞೆ,
ಅದನ್ನೆಲ್ಲಿಡುವುದು?
ಮಕ್ಕಳ ಕೈಗೆಟುಕದ ಅಟ್ಟದ ಮೇಲೆ, ಅಂದ.
ಅಟ್ಟ ಹತ್ತುವವರೇ ಮಕ್ಕಳು, ಅಂದೆ.
ಅದಿನ್ನೂ ನಡುಗೋಡೆಯಲ್ಲಿ ನೇತಾಡುತ್ತಿದೆ.

ನಾಲ್ಕನೆಯ ಪಾಠ, ಕೀಲಿ.
'ಪ್ರತಿಯೊಂದಕ್ಕೂ ಒಂದು ನಂಬರು ಕೊಡಿ. ಹೆಸರನ್ನು ನಂಬಬೇಡಿ.'
ನಮಗೆ ಹೆಮ್ಮೆಯ ವಾಕ್ಯ.

ಪರೀಕ್ಷೆಗೆಂದು ಕರೆಸಿದ್ದೆವು ಎದುವಿನಾ ಕಾರ್ಕಮೋಳನ್ನು.
ಲೆಮುಯಿಯಿಂದ ಫೆರಿ ದಾಟಿ ಬಂದಳು, ಬಗಲಲ್ಲಿ ಚೀಲ,
ಕನ್ನಡಕದ ಒಂದು ಕಾಲಿಗೆ ಮೀನುಬಲೆಯ ದಾರ.
ಬೆರಳಿಟ್ಟು ಓದಿದಳು, ತುಟಿ ಅಲುಗಿಸುತ್ತ.
'ನಂಬಬೇಡಿ' ಎಂಬಲ್ಲಿ ಬೆರಳು ನಿಂತಿತು.

ಚೀಲ ಮಗುಚಿದಳು ನಮ್ಮ ಹಾಳೆಗಳ ಮೇಲೆ.
ಮಣ್ಣು. ಮಣ್ಣಿನ ಹಿಂದೆ ಗಡ್ಡೆಗಳು,
ಕಪ್ಪು, ಕೆಂಪು, ಮುದುಕಿಯ ಹೆಬ್ಬೆರಳಿನಂಥವು.
'ಇದು ನಮ್ಮಲ್ಲಿ ಬ್ರೂಹಾ, ಮಾಟಗಾತಿ. ಕೊಯ್ದರೆ ಒಳಗೂ ನೇರಳೆ.
ಕಿಂಚಾವೋದಲ್ಲಿ ನನ್ನ ನಾದಿನಿ ಬ್ರೂಹಾ ಅನ್ನುವುದು ಇದಕ್ಕೆ.'
ಎತ್ತಿ ತೋರಿಸಿದ್ದು ಬೇರೆಯೇ ಗಡ್ಡೆ,
ಒಳಗೆ ಮೊಸರಿನ ಬಿಳುಪು.

ಎರಾಲ್ಡೋನ ಮುಖ ಅರಳಿತು:
'ನೋಡಿ, ಅದಕ್ಕೇ ನಂಬರು!'
'ನಂಬರು ಬೇಕು, ನಾನೆಲ್ಲಿ ಬೇಡವೆಂದೆ?
ನನ್ನ ತಕರಾರು ಈ ಮೂರನೆಯದು.
ಅಮ್ಮ ಕೊಟ್ಟ ಬೀಜ. ಕೆಂಪಿತ್ತು.
ಬೇಲಿಯಾಚೆಯ ಹೊಲಕ್ಕೆ ಹಾಕಿದೆ,
ಮೂರನೆಯ ವರ್ಷಕ್ಕೆ ಹಳದಿ ಪಟ್ಟೆ ಮೂಡಿತು.
ಈಗ ಇದಕ್ಕೆ
ಹಳೆಯ ನಂಬರೋ ಹೊಸ ನಂಬರೋ?'

ಒಲೆಯಲ್ಲಿ ಸೌದೆ ಜಾರಿತು.
ನೀರು ಏರುತ್ತಿತ್ತು ಹಲಗೆಗಳ ಕೆಳಗೆ.
ಎರಾಲ್ಡೋ ಬಲಗಡೆಯ ಹಾಳೆ ಮೇಲಿಂದ ಕೆಳಗೆ ಓದಿದ,
ಹದಿನಾಲ್ಕು ಅಧ್ಯಾಯ,
ಮತ್ತೆ ಕೆಳಗಿನಿಂದ ಮೇಲೆ.
'ಹದಿನೈದು,' ಅಂದೆ ನಾನು. 'ಬರೆದುಕೋ.'
'ಏನಂತ?'
'ಪ್ರಶ್ನೆಯನ್ನಷ್ಟೇ. ಅದರ ಕೆಳಗೆ ಅವಳ ಹೆಸರು.'

ಎದುವಿನಾ ಆಗಲೇ ಎಡಗಡೆಯ ಪುಸ್ತಕಕ್ಕೆ ಮರಳಿದ್ದಳು,
ಮೊದಲ ಪಾಠ, ಮೊದಲ ಸಾಲು.
'ಚಿತ್ರದ ಮೇಲೆ ಎರಡು ಸಲ ಒತ್ತಿ ಎಂದಿದ್ದೀರಿ.
ಎಷ್ಟು ಬೇಗ? ಅದನ್ನು ಬರೆದೇ ಇಲ್ಲ.
ಮೊನ್ನೆ ಇಡೀ ಮಧ್ಯಾಹ್ನ ಒತ್ತಿದೆ.'

ನಾವು ಒಬ್ಬರ ಮುಖ ಒಬ್ಬರು ನೋಡಿದೆವು.
'ಬಾಗಿಲು ತಟ್ಟುವಷ್ಟು ಬೇಗ,' ಅಂದ ಎರಾಲ್ಡೋ, ಮೆಲ್ಲಗೆ.
'ಪಾದ್ರಿಯ ಬಾಗಿಲೋ, ನೆರೆಮನೆಯದೋ?'
'ನೆರೆಮನೆಯದು.'
'ಹಾಗೆಂದೇ ಬರೆಯಿರಿ ಮತ್ತೆ.'

ಬರೆದೆವು.
ಎರಡು ಬಗೆಯ ಬ್ರೂಹಾ ಒಂದೇ ಪಾತ್ರೆಯಲ್ಲಿ ಬೆಂದವು,
ಸಿಪ್ಪೆ ಸುಲಿಯುವವರೆಗೂ ಯಾವುದು ಯಾವುದೆಂದು ತಿಳಿಯಲಿಲ್ಲ.
ಆ ಮೂರನೆಯದನ್ನು ಮಾತ್ರ ಬೇಯಿಸಲು ಕೊಡಲಿಲ್ಲ;
ಕರವಸ್ತ್ರದಲ್ಲಿ ಕಟ್ಟಿಕೊಂಡು
ಐದರ ಫೆರಿಗೆ ಹೊರಟಳು.